ಮರಿಗಾಗಿ ನಿಂತ ನೌಕೆ

ಗೋವಿಂದಪ್ಪಣ್ಣ, ಮಗಳು ಕೀರ್ತನಾ, ಇಲ್ಲಿ ಸೇರಿರುವ ಹಿರಿಯರೇ, ತಾಯಂದಿರೇ — ಎಲ್ಲರಿಗೂ ನಮಸ್ಕಾರ. ಹೆಂಡತಿಯನ್ನು ಕಳೆದುಕೊಂಡವರ ಮುಂದೆ, ತಾಯಿಯನ್ನು ಕಳೆದುಕೊಂಡವಳ ಮುಂದೆ ಬಾಯಿ ತೆರೆಯುವುದು ಕಷ್ಟ. ಆದರೆ ಇವತ್ತು ಮಾತಾಡಲೇಬೇಕು.

ನಾನು ಪ್ರಭುಲಿಂಗ. ಜವನಗೊಂಡನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಈ ಊರಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ನಮ್ಮನ್ನು ಬಿಟ್ಟುಹೋದ ಜಯಶೀಲಕ್ಕ. ಪ್ರತಿ ಶನಿವಾರ ಮಧ್ಯಾಹ್ನ ನಾನು ಅಲ್ಲಿ ಬೀಗ ಹಾಕಿ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದ್ದೆ. ಯಾಕೆ? ಅಕ್ಕ ತಾವೇ ಬರೆದ ಕಥೆಯನ್ನು ಊರವರಿಗೆ ಓದಿ ಹೇಳುತ್ತಿದ್ದರು. ವಿಜ್ಞಾನದ ಕಥೆ.

ಏನು ಕಥೆ? ಬಹಳ ಮುಂದಿನ ಕಾಲ. ಆಕಾಶದಲ್ಲಿ ಒಂದು ನೌಕೆ. ಒಳಗೆ ಒಬ್ಬ ಮುದುಕಿ, ಒಂದು ಯಂತ್ರ, ಒಂದು ಮಂದೆ ಕುರಿ — ಅಷ್ಟೇ. ಶತ್ರುವಿಲ್ಲ, ಬಾಂಬಿಲ್ಲ. ಮುದುಕಿ ಯಂತ್ರಕ್ಕೆ ಮುದ್ದೆ ಮಾಡುವುದನ್ನು ಕಲಿಸುತ್ತಾಳೆ. ಯಂತ್ರ ಅವಳಿಗೆ ನಕ್ಷತ್ರಗಳ ಹೆಸರು ಕಲಿಸುತ್ತದೆ. ಎರಡು ಶನಿವಾರ ಬರೀ ಮುದ್ದೆಯೇ ಆಯಿತು — ಅದೂ ಗಂಟು ಗಂಟು.

ಪರೀಕ್ಷೆಗೆ ಓದಲು ಬರುತ್ತಿದ್ದ ನಮ್ಮ ಪರಮೇಶ್ ತಡೆಯಲಾರದೆ ಕೇಳಿದ: "ಅಕ್ಕಾ, ಜಗಳ ಯಾವಾಗ ಬರ್ತತೆ?"

"ಯಾಕಪ್ಪ, ನಿಮ್ಮ ಮನ್ಯಾಗೆ ನಿಂತೋಯ್ತಾ?"

ಎಲ್ಲರೂ ನಕ್ಕರು. ಅವನೂ ನಕ್ಕ. ಮರುವಾರ ಮುಂದಿನ ಸಾಲಿನಲ್ಲೇ ಕೂತಿದ್ದ.

ಆಮೇಲೆ ಒಂದು ದಿನ — ಮಹಾದೇವಮ್ಮಜ್ಜಿ, ನೀವು ಇಲ್ಲೇ ಇದ್ದೀರಿ, ತಪ್ಪಿದರೆ ತಿದ್ದಿ. ನೌಕೆ ನೀರಿಗೆಂದು ಒಂದು ಗ್ರಹದ ಮೇಲೆ ಇಳಿದಾಗ ಕುರಿಯೊಂದು ಮರಿ ಹಾಕಿತು. ಮುದುಕಿ ಅದರ ಪಕ್ಕ ಕೂತಳು. ಹೊರಡುವ ಹೊತ್ತಾಯಿತೆಂದು ಯಂತ್ರ ಅವಳನ್ನು ಅಲ್ಲೇ ಬಿಟ್ಟು ನೌಕೆ ಹಾರಿಸಿತು. ಅಕ್ಕ ಅಷ್ಟು ಓದಿದ್ದೇ ತಡ, ಅಜ್ಜಿ ಹೆಗಲ ಕಂಬಳಿ ಸರಿಮಾಡಿಕೊಂಡು ಎದ್ದು ನಿಂತರು.

"ಏನವ್ವ ಇದು? ಮರಿ ಎದ್ದು ನಿಲ್ಲಾಗಂಟ ಜೊತೆಗಾರ ಬಿಟ್ಟೋಗ್ತಾನಾ? ನಾವು ಹಂಗಾ ಮಂದೆ ಹೊಡಿಯಾದು?"

"ಅಜ್ಜೀ, ನೌಕೆ ನಿಂತ್ರೆ ಒಳಗಿನ ಗಾಳಿ ಮುಗೀತತೆ."

"ಬರಿಯಾಕಿ ನೀನೇ ಅಲ್ಲೇನು? ಇನ್ನೊಂದು ಸಿಲಿಂಡರ್ ಇಡು."

ಅಕ್ಕ ನಗಲಿಲ್ಲ. ಹಾಳೆ ಮಡಚಿದರು. ಮರುವಾರ ನೌಕೆ ನಿಂತಿತ್ತು. ಯಂತ್ರ ಮುದುಕಿಯ ಪಕ್ಕ ಬಂದು ಕೂತಿತ್ತು. ಅವತ್ತಿನ ಓದಿನಲ್ಲಿ ನಡೆದದ್ದು ಇಷ್ಟೇ — ಮರಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಕೊನೆಗೆ ನಿಂತಿತು. ಓದು ಮುಗಿದರೂ ಜನ ಮನೆಗೆ ಹೋಗಲು ಏಳಲಿಲ್ಲ.

ಯಾಕಿರಬಹುದು? ನಾನು ಬಹಳ ಯೋಚಿಸಿದ್ದೇನೆ. ಮುಂದಿನ ಕಾಲ ಎಂದರೆ ನಮ್ಮನ್ನು ಹೆದರಿಸುವವರೇ ಎಲ್ಲ. ಓಡು, ಹಿಂದೆ ಬಿದ್ದರೆ ಕೆಟ್ಟೆ ಎನ್ನುತ್ತಾರೆ. ಜಯಶೀಲಕ್ಕನ ಮುಂದಿನ ಕಾಲದಲ್ಲಿ ಹಿಂದೆ ಬಿದ್ದವರಿಗಾಗಿ ಕಾಯುವವರಿದ್ದರು. ಅಂಥ ಕಾಲ ಬರುವುದಾದರೆ ಬರಲಿ ಅನ್ನಿಸುತ್ತಿತ್ತು. ಅದು ಸಣ್ಣ ಕೆಲಸವಲ್ಲ, ಸ್ವಾಮಿ — ಸಣ್ಣ ಕೆಲಸವಲ್ಲ.

ಈಗ ಈ ಓದು ನಿಲ್ಲಿಸಿ, ಗ್ರಂಥಾಲಯದ ಕೊಠಡಿಯನ್ನು ಪರೀಕ್ಷೆಯ ತರಬೇತಿಗೆ ಕೊಡೋಣ ಎಂಬ ಮಾತು ಎದ್ದಿದೆ. ಪಂಚಾಯಿತಿ ಸದಸ್ಯರಾದ ಹರೀಶಣ್ಣ ನಿನ್ನೆ ನನಗೆ ಅಂದರು: "ಓದೋರೇ ಹೋದ್ರು, ಇನ್ನೇನೈತೆ ಬಿಡಪ್ಪ."

ಹರೀಶಣ್ಣ, ಬೇಸರ ಬೇಡ. ತರಬೇತಿ ಬೇಕು, ಖಂಡಿತ ಬೇಕು. ಉಳಿದ ದಿನಗಳೆಲ್ಲ ನಿಮ್ಮವು. ಶನಿವಾರ ಮಧ್ಯಾಹ್ನ ಮಾತ್ರ ನಾವು ಬಿಡುವುದಿಲ್ಲ. ಕೊಠಡಿ ಸಿಗದಿದ್ದರೆ ಜಗಲಿ. ಜಗಲಿಯೂ ಇಲ್ಲದಿದ್ದರೆ ಬಸ್ ನಿಲ್ದಾಣ. ಅಕ್ಕ ಬರೆದು, ಓದದೆ ಉಳಿದ ಹಾಳೆಗಳನ್ನು ಕೀರ್ತನಾ ನನ್ನ ಕೈಗೆ ಕೊಟ್ಟಿದ್ದಾಳೆ. ನೌಕೆ ಇನ್ನೂ ಊರು ಮುಟ್ಟಿಲ್ಲ. ಹಾಳೆ ಮುಗಿದ ಮೇಲೆ ಮುಂದೇನಾಯಿತೆಂದು ನೀವು ಹೇಳುತ್ತೀರಿ, ನಾನು ಬರೆಯುತ್ತೇನೆ. ಅವಸರವೇನಿಲ್ಲ.

ಈಗ ಎಲ್ಲರೂ ದಯಮಾಡಿ ಎದ್ದು ನಿಲ್ಲಿ. ಜಯಶೀಲಕ್ಕನನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನಿರೋಣ. ಏಳಲಾಗದ ಹಿರಿಯರು ಕೂತೇ ಇರಿ.

ಮೌನ ಮುಗಿದ ಮೇಲೆ ಯಾರೂ ಹೊರಡಬೇಡಿ, ಮತ್ತೆ ಕೂತುಕೊಳ್ಳಿ. ಇವತ್ತು ಶನಿವಾರ — ನಾನು ಓದುತ್ತೇನೆ.