ಅತ್ತೆಯ ಹೆಸರಿನಲ್ಲಿ ಕೊಟ್ಟ ಚುನಾವಣಾ ದೇಣಿಗೆ

ಹೆಸರು: ವಚನಾ, ಗಂಡ ನಂದೀಶ. ವಯಸ್ಸು: ಮೂವತ್ನಾಲ್ಕು. ಉದ್ಯೋಗ: ವೃದ್ಧರ ರೆಸ್ಟ್ ಹೋಮ್‌ನಲ್ಲಿ ಆರೈಕೆ ಕೆಲಸ. ವಾಸ: ಹಾರ್ನ್‌ಬಿ, ಕ್ರೈಸ್ಟ್‌ಚರ್ಚ್. ಪೊಲೀಸರೆದುರು ನಾನಾಗಿ ಬರೆಸುವುದೇನೆಂದರೆ:

ನನ್ನ ಗಂಡ ಚಿದಾನಂದ ಎಂಬುವರ ಕೋಲ್ಡ್ ಸ್ಟೋರೇಜ್ ಕಂಪನಿಯಲ್ಲಿ ಎಂಜಿನಿಯರ್. ನಮ್ಮ ವೀಸಾ ಆ ಕೆಲಸದ ಮೇಲೆಯೇ ನಿಂತಿದೆ. 2008ರ ಅಕ್ಟೋಬರ್ 12, ಭಾನುವಾರ ಮಧ್ಯಾಹ್ನ ಚಿದಾನಂದ ನಮ್ಮ ಮನೆಗೆ ಊಟಕ್ಕೆ ಬಂದರು. ಅತ್ತೆ ಶಾಂತವ್ವ ಅವರಿಗೆಂದು ಹೋಳಿಗೆ ಮಾಡಿದ್ದರು. ಊಟವಾದ ಮೇಲೆ ಚಿದಾನಂದ, ಒಬ್ಬ ಅಭ್ಯರ್ಥಿಗೆ ನಾಲ್ಕು ಸಾವಿರ ಡಾಲರ್ ಕೊಡುವುದಿದೆ, ಹೊಸ ಕಾನೂನಿನಂತೆ ಕೊಟ್ಟವರ ಹೆಸರು ಹೊರಬೀಳುತ್ತದೆ, ಕಂಪನಿಯ ಹೆಸರು ಬರಬಾರದು, ಶಾಂತವ್ವನವರ ಹೆಸರಿನಲ್ಲಿ ಕೊಡುತ್ತೇನೆ ಎಂದರು.

ನಮ್ಮ ಕಡೆ ಮದುವೆಗೆ ಬರಲಾಗದವರ ಹೆಸರಿನಲ್ಲಿ ಮತ್ತೊಬ್ಬರು ಆಯೇರ, ಅಂದರೆ ಉಡುಗೊರೆ, ಮಾಡುವುದುಂಟು. ಅದು ಮರ್ಯಾದೆಯ ಕೆಲಸ. ಅತ್ತೆ ಇದನ್ನೂ ಹಾಗೆಯೇ ತಿಳಿದರು. "ಹೆಸರೇನ ಸವೀತೈತೇನ್ರಿ? ಹಾಕ್ರಿ" ಎಂದರು. ನಾನು ಬೇಡವೆಂದೆ. ಗಂಡ ಕಣ್ಣಲ್ಲೇ ಗದರಿಸಿದರು. ಮರುದಿನ ಹಣ ಅತ್ತೆಯ ಖಾತೆಗೆ ಬಂತು. ಅವರು ಚೆಕ್ಕಿಗೆ ಸಹಿ ಹಾಕಿದರು.

ಈ ವರ್ಷ ಹೆಸರು ಹೊರಬಿದ್ದು, ವರಮಾನವೇ ಇಲ್ಲದ ಮುದುಕಿ ಎಲ್ಲಿಂದ ಕೊಟ್ಟಳೆಂದು ವಿಚಾರಣೆ ಶುರುವಾಯಿತು. ಚಿದಾನಂದ ಮನೆಗೆ ಬಂದು, ಊರಿನ ಹೊಲ ಮಾರಿದ ಹಣವೆಂದು ಹೇಳಬೇಕು, ಇಲ್ಲವಾದರೆ ನಂದೀಶ ಗಂಟುಮೂಟೆ ಕಟ್ಟಬೇಕಾದೀತು ಎಂದರು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ ಅಲ್ಲವೇ? ನಿನ್ನೆ ಅತ್ತೆ ನಿಮ್ಮೆದುರು ಹಾಗೆಯೇ ಹೇಳಿದರು. ಸುಳ್ಳೆಂದು ತಿಳಿದರೆ ಕೇಸು ಅವರ ಮೇಲೆಯೇ ಎಂದು ನೀವು ಎಚ್ಚರಿಸಿದ ಮೇಲೂ ಮಾತು ಬದಲಿಸಲಿಲ್ಲ.

ನಿನ್ನೆಯಿಂದ ಅತ್ತೆ ಊಟ ಮಾಡಿಲ್ಲ. ಪೂಜೆಗೂ ಕೂತಿಲ್ಲ. ಕೇಳಿದ್ದಕ್ಕೆ, "ಸುಳ್ಳ ಆಡಿದ ಬಾಯಿಲೆ ಶಿವನ್ನ ಹೆಂಗ ನೆನೀಲೆವ್ವಾ?" ಎಂದರು. ಗಂಡ ಇವತ್ತು ಬೆಳಿಗ್ಗೆ ನನಗೆ ಕೈಮುಗಿದು ಸುಮ್ಮನಿರು ಎಂದರು. ನನ್ನಿಂದಾಗಲಿಲ್ಲ.

ನಮಗೆ ಊರಲ್ಲಿ ಹೊಲವೇ ಇಲ್ಲ. ಮಾವನವರು ಬಾಡಿಗೆ ಮನೆಯಲ್ಲಿಯೇ ತೀರಿಕೊಂಡರು. ಹಣ ಚಿದಾನಂದರದು. ಇದರಿಂದ ಗಂಡನ ಕೆಲಸ ಹೋಗುತ್ತದೆಂದು ತಿಳಿದೇ ಹೇಳುತ್ತಿದ್ದೇನೆ.

ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ನಾನು ಒಳಗೆ ಬರುವಾಗ ಕೈಹಿಡಿದು, "ನಾ ಹೇಳಿದ್ದನ್ನ ನೀನೂ ಹೇಳವ್ವಾ, ನನ್ನ ಮಗನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ" ಎಂದರು. ಹೂಂ ಎಂದು ಬಂದಿದ್ದೇನೆ.

ಬರೆಸಿದ್ದನ್ನು ಕನ್ನಡದಲ್ಲಿ ಓದಿಸಿ ಕೇಳಿದ್ದೇನೆ, ಇದರಲ್ಲಿ ಸುಳ್ಳಿಲ್ಲ. ಅತ್ತೆಗೆ ಮಾತ್ರ ನೀವು ಹೇಳಬೇಡಿ, ನಾನೇ ಹೇಳುತ್ತೇನೆ.

ಸ್ಥಳ: ಕ್ರೈಸ್ಟ್‌ಚರ್ಚ್
ದಿನಾಂಕ: 18 ಮಾರ್ಚ್ 2009
ಸಹಿ: ವಚನಾ