ಭಾನುವಳ್ಳಿಯಲ್ಲಿ ಚುಚ್ಚಿದ್ದು ನೀರಲ್ಲ

ನಾನು ಕನಕರತ್ನ, ಭಾನುವಳ್ಳಿ ಮಾಲತೇಶಪ್ಪನವರ ಸೊಸೆ, ವಯಸ್ಸು 24, ಬಿ.ಎಸ್‌ಸಿ. ಓದಿದ್ದೇನೆ, ಮನೆಗೆಲಸ, ವಾಸ ಪಿ.ಜೆ. ಬಡಾವಣೆ, ದಾವಣಗೆರೆ. ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಈ ದಿನ ಸಂಜೆ ಏಳು ಗಂಟೆಗೆ ಬಾಗಿಲ ಚಿಲಕ ಬಡಿದ ಸದ್ದಿಗೆ ನನಗೆ ಎಚ್ಚರವಾಯಿತು. ಮಗುವಿಗೆ ಜ್ವರವಿದ್ದು, ಮೂರು ರಾತ್ರಿ ನಿದ್ದೆಯಿಲ್ಲದೆ ಅದರ ಪಕ್ಕದಲ್ಲೇ ಕಣ್ಣು ಮುಚ್ಚಿದ್ದೆನು. ಬಾಗಿಲಲ್ಲಿ ಚೌಡವ್ವ ನಿಂತಿದ್ದಳು. ಆಕೆ ಹರಿಹರದ ಕಡೆ ಕೋಳಿಗಳಿಗೆ ಲಸಿಕೆ ಹಾಕುವ ಕಂಪೌಂಡರ್ ಮೈಲಾರಲಿಂಗಪ್ಪನ ಹೆಂಡತಿ. ಔಷಧಿ ಮಾರಿಕೊಂಡು ಬರೀ ನೀರು ಚುಚ್ಚಿದನೆಂದು ನನ್ನ ಮಾವನವರು ದೂರು ಕೊಟ್ಟಿರುವುದಾಗಿಯೂ, ಆತನನ್ನು ಹರಿಹರ ಠಾಣೆಯಲ್ಲಿ ಕೂಡಿಹಾಕಿದ್ದು, ನಾಳೆ ಬೆಳಿಗ್ಗೆ ಕೋರ್ಟಿಗೆ ಒಯ್ಯುವುದಾಗಿಯೂ ತಿಳಿಸಿದಳು. "ನೀವು ಅಲ್ಲೇ ಇದ್ರಲ್ರೀ ಅಕ್ಕಾರ, ಕಂಡಿದ್ದು ಹೇಳ್ರಿ ಸಾಕು" ಎಂದಳು.

ಈ ತಿಂಗಳ ಮೊದಲ ಸೋಮವಾರ ನಾನು ಭಾನುವಳ್ಳಿಯಲ್ಲಿದ್ದೆನು. ಕೊಕ್ಕರೆ ರೋಗಕ್ಕೆ ಸೂಜಿ ಹಾಕಿಸುವುದೆಂದು ಮಾವನವರು ಹಿಂದಿನ ಸಂಜೆಯಿಂದಲೇ ಅರವತ್ತು ಕೋಳಿಗಳಿಗೆ ಕಾಳು, ನೀರು ನಿಲ್ಲಿಸಿದ್ದರು. ಕೇಳಿದ್ದಕ್ಕೆ, "ಮದ್ದು ಅಂದ್ಮ್ಯಾಲೆ ಹಸಿದ ಹೊಟ್ಟೆಗೇ ಬೀಳ್ಬೇಕವ್ವ. ನಿಮ್ಮ ಕಾಲೇಜಿನಾಗ ಇದನ್ನ ಕಲಿಸ್ಲಿಲ್ಲೇನು?" ಎಂದು ನಕ್ಕರು. ಬೆಳಿಗ್ಗೆ ಕಾಲು ಕಟ್ಟಿ, ತಲೆಕೆಳಗಾಗಿ ಸೈಕಲ್ಲುಗಳ ಹ್ಯಾಂಡಲಿಗೆ ನೇತುಹಾಕಿ, ಹೊಲದಿಂದ ಎರಡು ಮೈಲಿ ಬಿಸಿಲಲ್ಲಿ ಊರ ಕಟ್ಟೆಗೆ ತರಿಸಿದರು. ಮಧ್ಯಾಹ್ನದವರೆಗೆ ಅವು ಕಾದ ಕಲ್ಲಿನ ಮೇಲೆ ಬಾಯಿ ತೆರೆದು ಬಿದ್ದಿದ್ದವು.

ಮೈಲಾರಲಿಂಗಪ್ಪ ಬಂದು ನೋಡಿ, ಕೋಳಿಗಳು ಬಳಲಿವೆ, ನಾಳೆ ಗೂಡಿನಲ್ಲೇ ಹಾಕುವೆನೆಂದನು. "ಇವೇನು ಬಾಣಂತ್ಯಾರೇನಲೇ, ಆರೈಕೆ ಮಾಡಾಕ? ಚುಚ್ಚು" ಎಂದು ಮಾವನವರು ಗದರಿದರು. ಅವನು ಐಸ್ ತುಂಬಿದ ಫ್ಲಾಸ್ಕಿನಿಂದ ಸೀಸೆ ತೆಗೆದು ಚುಚ್ಚಿದನು. ಅದೇ ಸೀಸೆಯಲ್ಲಿ ಉಳಿದದ್ದನ್ನು ಕಟ್ಟೆಯ ಪಕ್ಕದ ಮನೆಯ ಬೀಬಿಜಾನ್ ಅವರ ಹಿತ್ತಲಲ್ಲಿ, ನೆರಳಲ್ಲಿ ಮೇಯುತ್ತಿದ್ದ ಎಂಟು ಕೋಳಿಗಳಿಗೆ ಹಾಕಿದನು. ಇದೆಲ್ಲವನ್ನೂ ಮಗುವನ್ನೆತ್ತಿಕೊಂಡು ನಿಂತು ನೋಡಿದ್ದೇನೆ.

ಕಳೆದ ಗುರುವಾರ ಊರಿಗೆ ಅದೇ ಕೊಕ್ಕರೆ ರೋಗ ಬಂತು. ಮಾವನವರ ಕೋಳಿಗಳು ಕುತ್ತಿಗೆ ತಿರುಚಿಕೊಂಡು ಸತ್ತವು. ಅಕ್ಕಪಕ್ಕದ ಹಿತ್ತಲುಗಳಲ್ಲಿ ಸೂಜಿ ಹಾಕಿಸದವೂ ಸತ್ತವು. ಬೀಬಿಜಾನ್ ಅವರ ಎಂಟೂ ಬದುಕಿವೆ. ಭಾನುವಾರ ಹೋಗಿದ್ದಾಗ ಕಣ್ಣಾರೆ ಕಂಡೆನು.

ನಾನು ಓದಿದ ಮಟ್ಟಿಗೆ, ಲಸಿಕೆ ತಾನೇ ರೋಗವನ್ನು ತಡೆಯುವುದಿಲ್ಲ. ಅದರಿಂದ ಮೈ ತಾನೇ ಎದುರು ನಿಲ್ಲುವುದನ್ನು ಕಲಿಯಬೇಕು. ಹಸಿವು, ಬಿಸಿಲು, ಗಾಬರಿಯಲ್ಲಿ ಸೊರಗಿದ ಮೈ ಸರಿಯಾಗಿ ಕಲಿಯದು. ನನ್ನ ಮಗುವಿಗೆ ಸಿಡುಬಿನ ಲಸಿಕೆ ಹಾಕಿಸಿದ ದಿನ ಹೊಟ್ಟೆ ತುಂಬ ಹಾಲು ಕುಡಿಸಿ, ಸೆರಗು ಹೊದಿಸಿ ಕರೆದೊಯ್ದಿದ್ದೆನು. ಸೀಸೆಯಲ್ಲಿದ್ದದ್ದು ನೀರಾಗಿದ್ದರೆ ಬೀಬಿಜಾನ್ ಅವರ ಕೋಳಿಗಳು ಉಳಿಯುತ್ತಿರಲಿಲ್ಲ.

ಈ ಹೇಳಿಕೆಯಿಂದ ಮಾವನ ಮನೆಯ ಬಾಗಿಲು ನನಗೆ ಮುಚ್ಚಬಹುದು, ತಿಳಿದೇ ಕೊಟ್ಟಿದ್ದೇನೆ. ಬರೆದದ್ದನ್ನು ಓದಿಸಿ ಕೇಳಿದೆನು, ನಾನು ಕಂಡು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ದಾವಣಗೆರೆ
ದಿನಾಂಕ: 24-4-1963, ರಾತ್ರಿ 8-30
ಸಹಿ: ಕನಕರತ್ನ

ಸಹಿಯಾದ ಮೇಲೆ ನಾನು ಕೇಳಿಕೊಂಡು ಬರೆಸಿದ್ದು: ಮೈಲಾರಲಿಂಗಪ್ಪನನ್ನು ಹಗಲಲ್ಲಿ ಕೈಗೆ ಬೇಡಿ ಹಾಕಿ ಹರಿಹರದ ಪೇಟೆಯಲ್ಲಿ ನಡೆಸಿಕೊಂಡು ಹೋದರೆ, ಆಮೇಲೆ ಬಿಟ್ಟರೂ ಯಾರೂ ಅವನ ಕೈಗೆ ಒಂದು ಕೋಳಿಯನ್ನೂ ಕೊಡುವುದಿಲ್ಲ. ಸಾಹೇಬರೇ, ಕೈಮುಗಿದು ಕೇಳುತ್ತೇನೆ, ಬೆಳಗಾಗುವುದರೊಳಗೆ ಹರಿಹರ ಠಾಣೆಗೆ ಒಂದು ಫೋನ್ ಮಾಡಿ ಈ ಹೇಳಿಕೆಯನ್ನು ತಿಳಿಸಿರಿ.