ಎರಡನೆಯವರು ಇನ್ನೂ ನೋಡಿಲ್ಲ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದೂರದ ವೀಕ್ಷಣಾಲಯದಿಂದ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಹವ್ಯಾಸಿ ಖಗೋಳ ಸಂಘದ ಹಿರಿಯರೇ, ಗೆಳೆಯರೇ, ಮತ್ತು ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಇದೆ ಎಂಬ ಒಂದೇ ಭರವಸೆಯ ಮೇಲೆ ಕೂತಿರುವ ಸಭಿಕರೇ,

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನನ್ನ ಕಸುಬು ಬೇರೆಯವರ ಬಾಯಿಗೆ ಸಂಬಂಧಿಸಿದ್ದು, ನನ್ನ ಬಾಯಿಗಲ್ಲ. ನಾನು ಕಟ್ಟುಹಲ್ಲು ಮಾಡುವವನು. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ನಾನು ಕಿಟಕಿಯ ಬೆಳಕಿನಲ್ಲಿ ಕೂತು ಸೆಟ್ಟು ಮಾಡಿ ಕೊಡುತ್ತೇನೆ. ಈ ಸಭೆಯ ಮುಂದಿನ ಸಾಲಿನಲ್ಲಿ ಕೆಲವು ನಗು ನನ್ನ ಮೇಜಿನ ಮೇಲೆಯೇ ತಯಾರಾದದ್ದು. ಯಾರದ್ದು ಅಂತ ಹೇಳುವುದಿಲ್ಲ. ಕಸುಬಿನ ಮರ್ಯಾದೆ ಅಂತ ಒಂದಿದೆಯಲ್ಲ.

ನನ್ನನ್ನು ಪರಿಚಯಿಸುತ್ತಾ ಅಧ್ಯಕ್ಷರು ಒಂದು ಮಾತು ಹೇಳಿದರು. "ಇವರು ಎರಡು ದಿನ ಮೊದಲು ಬಾಯಿಬಿಟ್ಟಿದ್ದರೆ ಕ್ವೇಸಾರಿನ ವರದಿಯಲ್ಲಿ ನಮ್ಮ ಸಂಘದ ಹೆಸರೇ ಮೊದಲು ಇರುತ್ತಿತ್ತು" ಅಂತ. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಆದರೆ ಸ್ವಾಮಿ, ಈ ಮಾತನ್ನು ನಾನು ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ ಕೇಳಿದ್ದೇನೆ, ಕ್ಷೌರದ ಕುರ್ಚಿಯಲ್ಲೂ ಕೇಳಿದ್ದೇನೆ. ಗಂಟಲ ಹತ್ತಿರ ಕತ್ತಿ ಹಿಡಿದವನ ಜೊತೆ ವಾದ ಮಾಡುವುದು ಹೇಗೆ? ಸುಮ್ಮನೆ ಬಂದೆ. ಇವತ್ತು ಮೈಕು ನನ್ನ ಕೈಗೆ ಸಿಕ್ಕಿದೆ. ಆ ಎರಡು ದಿನ ಎಲ್ಲಿ ಹೋದವು ಅಂತ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗಾಗಿ ಮೊದಲು ನಾಲ್ಕು ಮಾತು. ಕ್ವೇಸಾರ್ ಎನ್ನುವುದು ದುರ್ಬೀನಿನಲ್ಲಿ ನಕ್ಷತ್ರದ ಹಾಗೆ ಕಾಣುತ್ತದೆ, ನಕ್ಷತ್ರವಲ್ಲ. ಊಹೆಗೂ ಮೀರಿದ ದೂರದಲ್ಲಿರುವ ಒಂದು ಗ್ಯಾಲಕ್ಸಿಯ ನಟ್ಟನಡುವೆ ದೊಡ್ಡದೊಂದು ಕಪ್ಪುಕುಳಿ. ಅದರೊಳಕ್ಕೆ ಬೀಳುವ ಅನಿಲ ಬೀಳುವ ಮೊದಲು ಕಾದು ಉರಿಯುತ್ತದಲ್ಲ, ಆ ಬೆಳಕು. ನಾವು ನೋಡುತ್ತಿದ್ದ ಕ್ವೇಸಾರಿನಿಂದ ಆ ಬೆಳಕು ಹೊರಟಾಗ ನಮ್ಮ ಭೂಮಿಯೇ ಹುಟ್ಟಿರಲಿಲ್ಲವಂತೆ. ಅದಕ್ಕೊಂದು ಹೆಸರಿಲ್ಲ, ಉದ್ದನೆಯ ನಂಬರಿದೆ. ನಂಬರು ಹಿಡಿದು ಯಾರನ್ನಾದರೂ ಪ್ರೀತಿಸುವುದಕ್ಕೆ ಆಗುತ್ತದೆಯೇ?

ಹೆಸರಿಟ್ಟವಳು ನನ್ನ ಹೆಂಡತಿ. ಕ್ವೇಸಾರಿನ ಅಕ್ಕಪಕ್ಕ ಎರಡು ನಕ್ಷತ್ರಗಳಿವೆ. ಅವು ನಮ್ಮ ನೆರೆಹೊರೆಯವು, ಎಂದೂ ಹೆಚ್ಚುಕಡಿಮೆ ಆಗದಂಥವು. ಜೋರಾಗಿ ಹೊಳೆಯುವುದಕ್ಕೆ ಅತ್ತೆ ಅಂತ ಹೆಸರಿಟ್ಟಳು. ಸಾಧಾರಣವಾಗಿ ಹೊಳೆಯುವುದಕ್ಕೆ ನಾದಿನಿ. ಇವರಿಬ್ಬರ ನಡುವೆ ಇದ್ದೂ ಇಲ್ಲದ ಹಾಗೆ ಮಿಣುಕುತ್ತಿದ್ದ ನಮ್ಮ ಕ್ವೇಸಾರು ಸೊಸೆ. ಆಗ ನನ್ನ ತಾಯಿ ನಮ್ಮ ಜೊತೆಗೇ ಇದ್ದರು. ಈ ಹೆಸರುಗಳು ಎಲ್ಲಿಂದ ಬಂದವು ಅಂತ ನಾನು ಕೆದಕಲು ಹೋಗಲಿಲ್ಲ.

ಅವಳು ಬಣ್ಣದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗೋಡೆಯಿಂದ ಉದುರಿದ ಉಗುರಿನಷ್ಟು ಚಕ್ಕೆ ತಂದು "ಇದೇ ಬಣ್ಣ ಬೇಕು" ಅಂತ ಕೇಳುವವರಿಗೆ ಅದೇ ಬಣ್ಣ ಬೆರೆಸಿ ಕೊಡುವುದು ಅವಳ ಕೆಲಸ. ಬಾಯಲ್ಲಿ ಉಳಿದ ಹಲ್ಲಿಗೆ ಹೊಂದುವ ಹಲ್ಲು ಆರಿಸುವುದು ನನ್ನದು. ಹೋಲಿಕೆ ನೋಡುವುದೇ ನಮ್ಮಿಬ್ಬರ ಹೊಟ್ಟೆಪಾಡು. ಇದನ್ನು ಕಂಡೇ ದುರ್ಬೀನು ಮೇಷ್ಟ್ರು ನಮ್ಮನ್ನು ಸಂಘಕ್ಕೆ ಎಳೆದು ತಂದದ್ದು. ಅವರು ಫಿಸಿಕ್ಸ್ ಮೇಷ್ಟ್ರಾಗಿ ನಿವೃತ್ತರಾಗಿ ಈ ಸಂಘ ಕಟ್ಟಿದವರು, ಅಗೋ, ಅಲ್ಲಿ ಕೂತಿದ್ದಾರೆ. ಸೊಸೆ ಇವತ್ತು ನಾದಿನಿಗಿಂತ ಮಂಕೋ, ಸಮವೋ, ಮೇಲೋ, ಇಷ್ಟನ್ನು ಕಣ್ಣಂದಾಜಿನಲ್ಲಿ ಹೇಳುವುದು ನಮಗೆ ಒಪ್ಪಿಸಿದ ಕೆಲಸ.

ಸಂಘಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಒಂದೊಂದು ಆಕಾಶಕಾಯಕ್ಕೆ ಇಬ್ಬರು. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಇಬ್ಬರೂ ನೋಡಿದ ಮೇಲೆ, ಬೇರೆಬೇರೆಯಾಗಿ, ಮೇಷ್ಟ್ರಿಗೆ ಫೋನಿನಲ್ಲಿ ಹೇಳಬೇಕು. ಇಬ್ಬರೂ ನೋಡುವ ತನಕ ಮೇಷ್ಟ್ರು ಒಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಒಬ್ಬರು ಕಂಡದ್ದು ಅನಿಸಿಕೆ, ಇಬ್ಬರು ಕಂಡದ್ದು ಸುದ್ದಿ" ಅನ್ನುತ್ತಾರೆ. ಯಾಕೆಂದರೆ ಕಣ್ಣು ಬಹಳ ವಿಧೇಯ. ಜಾಸ್ತಿಯಾಗಿದೆ ಅಂತ ಯಾರಾದರೂ ಹೇಳಿದರೆ ಅದಕ್ಕೆ ಜಾಸ್ತಿಯಾಗಿಯೇ ಕಾಣುತ್ತದೆ.

ಈ ನಿಯಮವನ್ನು ನಾವು ಎಷ್ಟು ಪಾಲಿಸಿದೆವು ಎಂದರೆ, ಕತ್ತಲಾದ ಕೂಡಲೇ ಒಬ್ಬರು ತಾರಸಿಗೆ ಹೋಗಿ ನೋಡಿ ಬರುವುದು, ಆಮೇಲೆ ಇನ್ನೊಬ್ಬರು ಹೋಗುವುದು. ಮೆಟ್ಟಿಲಿನಲ್ಲಿ ಎದುರಾದರೆ ಮುಖ ನೋಡಿಕೊಳ್ಳುವ ಹಾಗಿಲ್ಲ. ಮುಖವೂ ಮಾತಾಡುತ್ತದಲ್ಲ! ನಮ್ಮ ಮೆಟ್ಟಿಲು ಹೊರಗಡೆ ಇದೆ, ಇಕ್ಕಟ್ಟು. ನಡುವಯಸ್ಸಿನ ಗಂಡ ಹೆಂಡತಿ ಪ್ರತಿ ಸಂಜೆ ಅಲ್ಲಿ ಬೆನ್ನಿಗೆ ಬೆನ್ನು ತಾಗಿಸಿಕೊಂಡು ದಾಟುವುದನ್ನು ನೋಡಿ ಪಕ್ಕದ ಮನೆಯಾಕೆ ಒಂದು ದಿನ ನನ್ನ ಹೆಂಡತಿಯನ್ನು ಕರೆದು, "ಎಷ್ಟು ದಿನಾಂತ ಮಾತು ಬಿಟ್ಟಿರ್ತೀರಿ? ಗಂಡಸರ ಬುದ್ಧಿ ಅಷ್ಟೇ, ನೀವೇ ಸೋತುಬಿಡಿ" ಅಂದರಂತೆ.

ನಗಿ, ನಗಿ. ನಾವೂ ನಕ್ಕೆವು. ಆದರೆ ಮೆಟ್ಟಿಲಿನ ನಿಯಮ ಯಾವಾಗ ಮನೆಯೊಳಗೆ ಬಂತೋ ಗೊತ್ತಾಗಲಿಲ್ಲ. ಉಪ್ಪು ಹೆಚ್ಚಾಗಿದೆ ಅಂತ ಒಬ್ಬರು ಮೊದಲು ಹೇಳುವ ಹಾಗಿಲ್ಲ, ಇಬ್ಬರೂ ತಿಂದು ಆಮೇಲೆ ಹೇಳಬೇಕು. ಸಿನಿಮಾ ನೋಡಿ ಬಂದರೆ ಮನೆ ಮುಟ್ಟುವ ತನಕ ಮೌನ. ಆಟವಾಗಿ ಶುರುವಾಯಿತು, ರೂಢಿಯಾಗಿ ಕೂತಿತು.

ಹೀಗಿರುವಾಗ ಅವಳಿಗೆ ಸುಸ್ತು ಶುರುವಾಯಿತು. ಬಣ್ಣದ ಡಬ್ಬ ಎತ್ತಿದರೆ ಏದುಸಿರು. ಮೆಟ್ಟಿಲಿನ ಅರ್ಧಕ್ಕೆ ನಿಲ್ಲುತ್ತಿದ್ದಳು. ನಾನು ನೋಡುವ ಹಾಗಿರಲಿಲ್ಲವಲ್ಲ, ಬೆನ್ನು ಕೊಟ್ಟು ಇಳಿಯುತ್ತಿದ್ದೆ. ಅವಳು ಹೇಳಲಿಲ್ಲ. ನನಗೆ ಕಾಣಲಿಲ್ಲ. ದಿನಾ ನೋಡುವ ಮುಖ ದಿನಕ್ಕೆ ಇಷ್ಟಿಷ್ಟೇ ಮಂಕಾದರೆ ಯಾವ ಕಣ್ಣಿಗೆ ತಿಳಿಯುತ್ತದೆ ಹೇಳಿ? ಆಕಾಶದಲ್ಲಾದರೆ ಹೋಲಿಸಲು ಪಕ್ಕದಲ್ಲಿ ಇನ್ನೊಂದು ಇರುತ್ತದೆ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದವರು ನಾವಿಬ್ಬರೇ.

ಒಂದು ಭಾನುವಾರ ಅವಳ ತಂಗಿ ಬಂದಳು. ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತು ಅದೇನೋ ತಮಾಷೆ ಮಾಡಿದಳು. ಅಕ್ಕ ತಂಗಿ ಇಬ್ಬರೂ ಬಾಯ್ತುಂಬ ನಕ್ಕರು, ಬೆಳಗಿನ ಬಿಸಿಲಿನಲ್ಲಿ, ಅಕ್ಕಪಕ್ಕ ನಿಂತು. ನನ್ನ ಕಸುಬಿನಲ್ಲಿ ಹಲ್ಲಿನಷ್ಟೇ ಒಸಡಿನ ಬಣ್ಣವೂ ಮುಖ್ಯ. ತಂಗಿಯ ಒಸಡು ಕೆಂಪಗಿತ್ತು. ಇವಳದ್ದು ಮೇಣದ ಬಣ್ಣ. "ನಾಳೆ ಆಸ್ಪತ್ರೆಗೆ ಹೋಗೋಣ" ಅಂದೆ.

ಅವಳು ನಗು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅಂತೂ ನಿಮಗೂ ಕಂಡ್ತಲ್ಲ. ನಂದೇ ಭ್ರಮೆ ಇರಬಹುದು ಅಂತ ಕಾಯ್ತಾ ಇದ್ದೆ."

"ಏನೇ ಇದು, ಹೇಳಬಾರದಿತ್ತಾ?" ಅಂತ ಕೂಗಾಡಿದೆ. ನೆಂಟರ ಮುಂದೆ ನಾನು ಹಾಗೆ ಕೂಗಿದವನಲ್ಲ.

"ಹೇಳಿದ್ರೆ ನಿಮಗೂ ಹಾಗೇ ಕಾಣ್ತಿತ್ತು ಕಣ್ರೀ. ನಿಜವಾಗಿ ಇದೆಯೋ ಇಲ್ವೋ ಗೊತ್ತಾಗ್ತಿರಲಿಲ್ಲ" ಅಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ರಿಪೋರ್ಟು ನೋಡಿ, "ಸ್ವಲ್ಪ ಮೊದಲೇ ಬರಬೇಕಿತ್ತು" ಅಂದರು. ಸಭಿಕರೇ, ಎರಡು ದಿನ ಯಾಕೆ ತಡವಾಯಿತು ಅಂತ ನನ್ನನ್ನು ಊರೆಲ್ಲ ಕೇಳಿದೆ. ಆ ಇನ್ನೊಂದು ತಡದ ಬಗ್ಗೆ ಕೇಳಿದವರು ಆ ಡಾಕ್ಟರೊಬ್ಬರೇ.

ಕ್ಷಮಿಸಿ. ನೀರು... ಆಯಿತು, ಸಾಕು.

ಚಿಕಿತ್ಸೆ ನಡೆಯಿತು. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ತಂಗಿ ನಮ್ಮಲ್ಲೇ ಉಳಿದಳು. ಇಷ್ಟಾದರೂ ಸಂಜೆಯ ಸರದಿ ತಪ್ಪಲಿಲ್ಲ. ಇವಳು ಮೆಟ್ಟಿಲ ನಡುವೆ ಕೂತು ಕೂತು ಹತ್ತುತ್ತಿದ್ದಳು. "ಆಮೇಲೆ ನೋಡಿಕೊಂಡರಾಯ್ತು" ಅಂದರೆ, "ಸೊಸೆ ನನ್ನ ಮುಖ ನೋಡಿಕೊಂಡು ಕಾಯ್ತಾಳಾ?" ಅನ್ನುವಳು.

ನೀವು ಕೇಳುವ ಆ ಎರಡು ದಿನ ಶುರುವಾದ ಸಂಜೆ ಮೊದಲು ಹೋದವನು ನಾನು. ದುರ್ಬೀನಿಗೆ ಕಣ್ಣಿಟ್ಟೆ. ಬೇರೆ ಎಲ್ಲಿಗೋ ತಿರುಗಿಸಿದ್ದೇನೆ ಅನಿಸಿತು. ನಾದಿನಿ ಅಲ್ಲೇ ಇದ್ದಾಳೆ, ಅತ್ತೆ ಅಲ್ಲೇ ಇದ್ದಾಳೆ, ನಡುವೆ ಇವರಿಬ್ಬರನ್ನೂ ಸಪ್ಪೆ ಮಾಡಿ ಒಬ್ಬಳು ಕೂತಿದ್ದಾಳೆ. ಕೆಲವೇ ದಿನಗಳಲ್ಲಿ ಹತ್ತು ಪಟ್ಟಿಗೂ ಮೇಲೆ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದನ್ನು ನಾನು ಆಕಾಶದಲ್ಲಿ ಕಂಡೆ. ಜಗತ್ತಿನ ದೊಡ್ಡ ದೊಡ್ಡ ದುರ್ಬೀನುಗಳೆಲ್ಲ ಬೇರೆ ಕಡೆ ನೋಡುತ್ತಿದ್ದ ಹೊತ್ತಿನಲ್ಲಿ ನಾನು, ಹಲ್ಲಿನ ಸೆಟ್ಟು ಮಾಡುವವನು, ಕಂಡೆ. ಕುಣಿಯಬೇಕು ಅನಿಸಿತು. ಯಾರ ಜೊತೆ ಕುಣಿಯುವುದು?

ಇಳಿದು ಬಂದೆ. ಅವಳು ಮಂಚದಿಂದ ಏಳಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. "ಇವತ್ತು ಆಗಲ್ಲ, ನಾಳೆ ಹತ್ತುತೀನಿ. ನೀವು ಮುಖ ಆ ಕಡೆ ಮಾಡಿ" ಅಂದಳು. ನಾನು ಗೋಡೆ ಕಡೆ ತಿರುಗಿ ನಿಂತೆ. ಮೇಷ್ಟ್ರ ಫೋನು ಬಂತು. "ಎರಡನೆಯವರು ಇನ್ನೂ ನೋಡಿಲ್ಲ" ಅಂದೆ.

ಈಗ ನೀವು ಕೇಳಬಹುದು, ಎರಡನೆಯವರು ಅಂದರೆ ಅವಳೇ ಆಗಬೇಕಿತ್ತೇ? ಸಂಘದಲ್ಲಿ ಬೇರೆ ಯಾರೂ ಇರಲಿಲ್ಲವೇ? ಇದ್ದರು. ನಮ್ಮ ಬೀದಿಯ ತಿರುವಿನಲ್ಲೇ ಇಬ್ಬರಿದ್ದರು. ಒಂದು ಕೂಗು ಹಾಕಿದ್ದರೆ ಉಟ್ಟ ಬಟ್ಟೆಯಲ್ಲಿ ಓಡಿ ಬರುತ್ತಿದ್ದರು. ಆದರೆ ನಮ್ಮ ಮೆಟ್ಟಿಲು ಅವಳು ಮಲಗುವ ಕೋಣೆಯ ಗೋಡೆಗೇ ಅಂಟಿಕೊಂಡಿದೆ. ಅವಳು ಮಲಗಿರುವಾಗ ಅವಳ ಜಾಗಕ್ಕೆ ಇನ್ನೊಬ್ಬರು ಹತ್ತುವ ಹೆಜ್ಜೆ ಸದ್ದು ಅವಳಿಗೆ ಕೇಳಿಸುತ್ತಿತ್ತು. ಇನ್ನು ಅವಳು ಹತ್ತುವುದಿಲ್ಲ ಅಂತ ನಾನೇ ಹೇಳಿದ ಹಾಗಾಗುತ್ತಿತ್ತು. ಅದನ್ನು ನನ್ನ ಬಾಯಿಂದ ಹೇಳಲು ನನ್ನಿಂದ ಆಗಲಿಲ್ಲ. ಒಂದು ದಿನ ಹೀಗೆ ಹೋಯಿತು, ಅಧ್ಯಕ್ಷರೇ.

ಮರುದಿನ ಅವಳೇ, "ಪ್ಲಾಸ್ಟಿಕ್ ಕುರ್ಚಿ ತನ್ನಿ" ಅಂದಳು. ಅವಳನ್ನು ಅದರಲ್ಲಿ ಕೂರಿಸಿ ನಾನೂ ಅವಳ ತಂಗಿಯೂ ಎತ್ತಿಕೊಂಡು ಹತ್ತಿದೆವು. ಎಷ್ಟು ಹಗುರವಿದ್ದಳು! ಬಣ್ಣದ ದೊಡ್ಡ ಡಬ್ಬ ಎರಡು ಕೈಯಲ್ಲಿ ಹಿಡಿದು ನಡೆಯುತ್ತಿದ್ದವಳು. ತಂಗಿಯನ್ನು ಅವಳ ಹತ್ತಿರ ಬಿಟ್ಟು, ನಿಯಮದ ಪ್ರಕಾರ ನಾನು ಕೆಳಗೆ ಬಂದು ನಿಂತೆ. ಬಹಳ ಹೊತ್ತು ನೋಡಿದಳು. "ಭಾವ, ಬನ್ನಿ" ಅಂತ ತಂಗಿ ಕರೆದಳು.

ಕುರ್ಚಿ ಇಳಿಸುವಾಗ ತಂಗಿ ಹಿಂದೆ, ನಾನು ಮುಂದೆ. ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಅವಳ ಮುಖ ನನ್ನ ಎದುರಿಗೇ. ಎರಡೂ ಕೈಯಲ್ಲಿ ಕುರ್ಚಿ, ಎಲ್ಲಿಗೆ ತಿರುಗಲಿ? ಅವಳು ನನ್ನನ್ನೇ ನೋಡಿದಳು. ಮೇಲಿನಿಂದ ಕೆಳಗಿನ ತನಕ ಕಣ್ಣು ಕೀಳದೆ ನೋಡಿದಳು. ಆಮೇಲೆ ನಕ್ಕಳು. ಅವಳಿಗೂ ಕಂಡಿತು ಅಂದುಕೊಂಡೆ. ನನ್ನ ಸಂತೋಷವನ್ನು ನಾನು ಹೇಗೆ ಹೇಳಲಿ! ಕೋಣೆಗೆ ಹೋಗಿ, ಬಾಗಿಲು ಹಾಕಿಸಿಕೊಂಡು, ಮೇಷ್ಟ್ರಿಗೆ ಅವಳೇ ಫೋನು ಮಾಡಿದಳು. ಆಮೇಲೆ ನಾನೂ ಮಾಡಿದೆ. ಮೇಷ್ಟ್ರು "ಹೂಂ, ಹೂಂ" ಅಂದು ಫೋನಿಟ್ಟರು.

ಮೂರನೆಯ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಸೆಟ್ಟು ಸಡಿಲವಾಗಿದೆ, ನೋಡು ಅಂತ. ಅಯ್ಯೋ! ಕ್ಷಮಿಸಿ ಮೇಷ್ಟ್ರೇ, ಹೇಳುವುದಿಲ್ಲ ಅಂದಿದ್ದೆ. ಬಂದವರು "ಹೇಗೂ ಬಂದಿದ್ದೀನಲ್ಲ" ಅಂತ ತಾರಸಿಗೂ ಹೋಗಿ ಬಂದರು. ಆ ರಾತ್ರಿಯೇ ಸಂಘದಿಂದ ಸುದ್ದಿ ಹೋಯಿತು. ಅಷ್ಟು ಹೊತ್ತಿಗೆ ಬೇರೆ ಕಡೆಯ ಹವ್ಯಾಸಿಗಳು ಕಂಡು ಕಳಿಸಿಯಾಗಿತ್ತು. ಅವರಿಗೆ ಒಳ್ಳೆಯದಾಗಲಿ. ಅವರಲ್ಲೂ ಇಬ್ಬರು ನೋಡಿರಬೇಕು.

ಅದೇ ವಾರ ಅವಳು ಹೋದಳು.

ಕೆಲವು ದಿನ ಕಳೆದ ಮೇಲೆ ಮೇಷ್ಟ್ರು ನನ್ನ ಅಂಗಡಿಗೆ ಬಂದು ಕೂತು, ಅವಳು ಫೋನಿನಲ್ಲಿ ಹೇಳಿದ್ದನ್ನು ಹೇಳಿದರು. ಅವರಿಗೆ ಪ್ರತಿ ಮಾತೂ ನೆನಪಿತ್ತು. "ನನಗೇನೂ ಕಾಣಲಿಲ್ಲ ಮೇಷ್ಟ್ರೇ, ಕಣ್ಣೆಲ್ಲ ಮಂಜು. ಆದ್ರೆ ಸೊಸೆ ಅತ್ತೇನ ಮೀರಿದಾಳೆ. ಅವರ ಮುಖ ನೋಡಿ ಗೊತ್ತಾಯ್ತು. ಇದು ಲೆಕ್ಕಕ್ಕೆ ಬರಲ್ಲ, ಹಿಡೀಬೇಡಿ. ನೀವೇ ಬಂದು ನೋಡಿ. ಕಾಣಲಿಲ್ಲ ಅಂತ ಅವರಿಗೆ ಈಗ ಹೇಳಬೇಡಿ. ಇನ್ನು ಅವರಿಗೊಬ್ಬರನ್ನ ಜೊತೆ ಮಾಡಿ ಮೇಷ್ಟ್ರೇ, ಒಬ್ಬರೇ ಹತ್ತಿ ಇಳಿಯೋದು ಬೇಡ."

ಎರಡನೆಯ ದಿನ ಹೀಗೆ ಹೋಯಿತು, ಅಧ್ಯಕ್ಷರೇ. ಕಾಣದ್ದನ್ನು ಕಂಡೆ ಅನ್ನಲು ಅವಳು ಒಪ್ಪಲಿಲ್ಲ. ಕಂಡೆ ಅಂದಿದ್ದರೆ ನಮ್ಮ ಹೆಸರು ಮೊದಲು ಬರುತ್ತಿತ್ತೋ ಏನೋ. ನೀವೆಲ್ಲ ಇವತ್ತು ಕೊಟ್ಟ ಈ ಫಲಕಕ್ಕಿಂತ ನನಗೆ ಆ "ಕಾಣಲಿಲ್ಲ" ಎಂಬ ಮಾತು ದೊಡ್ಡದು.

ವರ್ಷವಾಗುತ್ತಾ ಬಂತು. ದುರ್ಬೀನಿಗೆ ಹಳೆಯ ಬೆಡ್‌ಶೀಟು ಹೊದಿಸಿಟ್ಟಿದ್ದೇನೆ. ಜೊತೆಗೆ ಬರುತ್ತೇವೆ ಅಂತ ಸಂಘದ ಹಲವರು ಕೇಳಿದರು. ಮೆಟ್ಟಿಲು ಸರಿಯಿಲ್ಲ, ಮಂಡಿ ನೋವು, ಕೆಲಸ ಜಾಸ್ತಿ ಅಂತ ಒಂದೊಂದು ಸಲ ಒಂದೊಂದು ಸುಳ್ಳು ಹೇಳಿ ಕಳಿಸಿದೆ. ಸೊಸೆ ಈಗ ಮತ್ತೆ ಮಂಕಾಗಿದ್ದಾಳೆ, ಇಂಥ ಹೊತ್ತಿನಲ್ಲೇ ಬಿಡದೆ ನೋಡಬೇಕು ಅಂತ ಮುಖ್ಯ ಅತಿಥಿಗಳು ಹೇಳಿದರು. ನಿಜ. ಆಕಾಶದ ಕೆಲಸ ಯಾರಿಗೂ ಕಾಯುವುದಿಲ್ಲ. ಇವತ್ತು ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಎರಡು ದಿನದ ಲೆಕ್ಕ ಒಪ್ಪಿಸಿ ಕೂರೋಣ ಅಂತ ಬಂದೆ. ಮಾತಾಡುತ್ತಾ ಮಾತಾಡುತ್ತಾ ತಿಳಿಯಿತು, ಅವಳು ಕೇಳಿದ್ದು ಒಂದೇ ಒಂದು, ಅದನ್ನೂ ನಾನು ನಡೆಸಿಕೊಟ್ಟಿಲ್ಲ.

ಹಾಗಾಗಿ, ನಿಮ್ಮಲ್ಲಿ ಯಾರಿಗಾದರೂ ಮನಸ್ಸಿದ್ದರೆ ನಾಳೆ ಸಂಜೆ ನಮ್ಮ ಮನೆಗೆ ಬನ್ನಿ. ಬಾಗಿಲು ತೆಗೆದೇ ಇರುತ್ತದೆ. ನಾನು ಮೊದಲು ನೋಡಿ ಬರುತ್ತೇನೆ, ಆಮೇಲೆ ನೀವು ಹತ್ತಿ. ನೀವು ಮೇಲಿರುವಷ್ಟು ಹೊತ್ತು ನಾನು ಕೋಣೆಯಲ್ಲಿ ಕೂತಿರುತ್ತೇನೆ. ಮೊದಮೊದಲು ನನಗೆ ಕಷ್ಟವಾಗಬಹುದು, ಅತ್ತರೂ ಅಳಬಹುದು. ನೀವು ಇಳಿದು ಬಂದು ಅದನ್ನು ಕಂಡರೆ ಏನೂ ಕೇಳಬೇಡಿ, ಒಂದು ಗಳಿಗೆ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ. ಆಮೇಲೆ ಇಬ್ಬರೂ ಮೇಷ್ಟ್ರಿಗೆ ಫೋನು ಮಾಡೋಣ.

ನನ್ನ ಹರಟೆಯನ್ನು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಮೇಷ್ಟ್ರಿಗೆ, ಕಾಫಿ ಆರುತ್ತಿದ್ದರೂ ಎದ್ದು ಹೋಗದ ನಿಮ್ಮೆಲ್ಲರಿಗೆ ನಾನು ಋಣಿ. ನಮಸ್ಕಾರ.